ಓದುಗರ ಪ್ರಶ್ನೆ: ಬಿದ್ರಿಯ ಕಪ್ಪು ಅಚ್ಚಿನಲ್ಲಿ ಬೂದಿಯಾಗುವುದೇಕೆ?

ಪ್ರಶ್ನೆ: ಬಿದ್ರಿ ಕಲಾಕೃತಿಗಳ ಪ್ರದರ್ಶನಕ್ಕೆ 24 ಪುಟದ ಕ್ಯಾಟಲಾಗ್ ಮಾಡುತ್ತಿದ್ದೇವೆ. ಪರದೆಯ ಮೇಲೆ ಗಾಢ ಕಪ್ಪಾಗಿದ್ದ ಮುಖಪುಟ ಪ್ರೂಫ್‌ನಲ್ಲಿ ಬೂದಿ ಬಣ್ಣಕ್ಕೆ ಬಂದಿದೆ. ಬೆಳ್ಳಿ ಕುಸುರಿ ಮಸುಕು, ಕನ್ನಡ ಅಕ್ಷರಗಳು ಚೆಲ್ಲಾಪಿಲ್ಲಿ. ಎಲ್ಲಿ ತಪ್ಪಿದೆವು?
— ಓದುಗರು, ಬೀದರ್

ಉತ್ತರ: ಬಹುಶಃ ಮುಖಪುಟಕ್ಕೆ ಕೆ 100, ಅಂದರೆ ಶೇಕಡಾ 100ರಷ್ಟು ಕಪ್ಪು ಶಾಯಿ ಒಂದನ್ನೇ ಕೊಟ್ಟಿದ್ದೀರಿ. ದೊಡ್ಡ ಹಿನ್ನೆಲೆಗೆ ಅದು ಸಾಲದು. ಸಿ (ಸಯಾನ್ ನೀಲಿ) 60, ಎಂ (ಮಜೆಂಟಾ ಕೆಂಪು) 40, ವೈ (ಹಳದಿ) 40, ಕೆ 100 ಕೊಡಿ. ಒಟ್ಟು 240 ಆಯಿತು. ಇನ್ನೂ ಕಪ್ಪಾಗಲಿ ಎಂದು ನಾಲ್ಕನ್ನೂ 100ಕ್ಕೆ ಏರಿಸಿದರೆ ಶಾಯಿ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಮೆತ್ತುತ್ತದೆ. ಬಿಳಿ ಕಾಗದದ ಮೇಲಿನ ಸಣ್ಣಕ್ಷರಕ್ಕೆ ಮಾತ್ರ ಕೆ 100 ಒಂದೇ ಇರಲಿ. ನಾಲ್ಕು ಶಾಯಿ ಹಾಕಿದರೆ ಒಂದು ಶಾಯಿಯ ಅಚ್ಚಿನ ಪ್ಲೇಟು ಕೂದಲೆಳೆ ಜರುಗಿದರೂ ಅಕ್ಷರದಂಚಿಗೆ ಬಣ್ಣದ ನೆರಳು ಬೀಳುತ್ತದೆ. ಕಪ್ಪಿನೊಳಗೆ ಬಿಳಿ ಅಕ್ಷರ 10 ಪಾಯಿಂಟ್‌ಗಿಂತ ಇಳಿಯಬಾರದು, ತುಸು ದಪ್ಪವೂ ಇರಬೇಕು. ಶಾಯಿ ಹರಡಿದಾಗ ಮೊದಲು ಮುಚ್ಚಿಹೋಗುವುದು ಒತ್ತಕ್ಷರ.

ಕುಸುರಿ ಮಸುಕಾಗಿದ್ದಕ್ಕೆ ಮುದ್ರಕರನ್ನು ದೂರಬೇಡಿ, ಫೋಟೊ ನೋಡಿ. ಬೀದರ್ ಕೋಟೆಯ ಮಣ್ಣು, ನವಸಾಗರದ (ಅಮೋನಿಯಂ ಕ್ಲೋರೈಡ್) ಲೇಪ ಸತು–ತಾಮ್ರದ ಮಿಶ್ರಲೋಹವನ್ನಷ್ಟೇ ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಹಾಗಾಗಿ ಹೂಜಿಯ ಮೈ ಬೆಳಕನ್ನು ನುಂಗುತ್ತದೆ, ಬೆಳ್ಳಿ ಕನ್ನಡಿಯಂತೆ ತಿರುಗಿಸಿ ಎಸೆಯುತ್ತದೆ. ನೇರ ಫ್ಲ್ಯಾಶ್ ಹೊಡೆದರೆ ಬಳ್ಳಿಯ ಎಲೆಗಳೆಲ್ಲ ಒಂದೇ ಬಿಳಿ ಮಚ್ಚೆ. ಎರಡು ಪಕ್ಕದಿಂದ ತೆಳು ಬಿಳಿ ಬಟ್ಟೆಯ ಮೂಲಕ ಬೆಳಕು ಬಿಡಿ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಬೆಳಕಿನ ಸಂವೇದನೆ ಐಎಸ್ಒ 100, ಲೆನ್ಸಿನ ದ್ವಾರ ಎಫ್ 8ರಿಂದ 11. ಎಕ್ಸ್‌ಪೋಷರ್ ಬೆಳ್ಳಿಗೆ ಹೊಂದಿಸಿ. ಲೆನ್ಸಿನಷ್ಟು ತೂತು ಕೊರೆದ ಕರಿ ರಟ್ಟನ್ನು ಕ್ಯಾಮೆರಾ ಮುಂದೆ ಹಿಡಿಯಿರಿ, ಇಲ್ಲವಾದರೆ ಹೂಜಿಯ ಹೊಟ್ಟೆಯ ಮೇಲೆ ಛಾಯಾಗ್ರಾಹಕರ ಅಂಗಿ ಕಾಣುತ್ತದೆ! ಹಿನ್ನೆಲೆ ಕಪ್ಪು ಬೇಡ, ವಸ್ತುವಿನ ಅಂಚೇ ಕಳೆದುಹೋಗುತ್ತದೆ. ಶಹಾಬಾದ್ ಕಲ್ಲಿನ ಬೂದು ಚೆನ್ನಾಗಿ ಒಪ್ಪುತ್ತದೆ. ಪೋಸ್ಟರ್, ಆಹ್ವಾನ ಪತ್ರಿಕೆಗೂ ಅದನ್ನೇ ಹಿಡಿದರೆ ಪ್ರದರ್ಶನಕ್ಕೊಂದು ಚಹರೆ ಬಂತು. ಲಾಂಛನಕ್ಕೆ ಒಂದೇ ವಸ್ತುವಿನ ಒಂದೇ ಬಳ್ಳಿ ಸಾಕು, ಅದು 15 ಮಿ.ಮೀ. ಅಗಲಕ್ಕೆ ಕುಗ್ಗಿಸಿದರೂ ಗುರುತು ಸಿಗಬೇಕು. ಬೆಳ್ಳಿ ಹೊಳಪು ನಾಲ್ಕು ಬಣ್ಣದಲ್ಲಿ ಹುಟ್ಟುವುದಿಲ್ಲ. ಪ್ಯಾಂಟೋನ್ 877 ಎಂಬ ಲೋಹಶಾಯಿ ಬೇಕು. ಅದಕ್ಕೆ ಐದನೇ ಪ್ಲೇಟು, ಹೆಚ್ಚಿನ ಖರ್ಚು. ಶೀರ್ಷಿಕೆಗಷ್ಟೇ ಬಳಸಿ.

ಅಕ್ಷರ ಒಡೆಯುವುದು ಹಳೆಯ ಆಸ್ಕಿ ಫಾಂಟಿನ ಕಾಟ: ಮುದ್ರಕರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಚಿಹ್ನೆಗಳ ಸಂತೆಯಾಗುತ್ತದೆ. ಪಠ್ಯವನ್ನು ಯುನಿಕೋಡ್‌ಗೆ ಬದಲಿಸಿ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ ಬಳಸುವವರು ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಯುನಿಕೋಡ್‌ನಲ್ಲೂ ಒತ್ತು ಬೇರೆಯಾಗಿ ನಿಲ್ಲುತ್ತದೆ. ಫಾಂಟ್ ಅಡಕವಾದ ಪಿಡಿಎಫ್ ಕೊಡಿ. ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಬಣ್ಣ), ಚಿತ್ರಗಳು ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ.

ಅಡಿಬರಹದಲ್ಲಿ ಬರೀ ‘ಬಿದ್ರಿ’ ಎಂದರೆ ಸಾಲದು. ಬೆಳ್ಳಿ ತಂತಿ ಕೂರಿಸಿದ ತಾರ್‌ಕಶಿಯೋ ಬೆಳ್ಳಿ ತಗಡು ಕೂರಿಸಿದ ತೆಹನಿಶಾನೋ ಹೇಳಿ, ಕುಶಲಕರ್ಮಿಯ ಹೆಸರು ಬಿಡಬೇಡಿ.

ಪ್ರಶ್ನೆ: ಮೇ ತಿಂಗಳಲ್ಲಿ ಚಿತ್ರಪ್ರದರ್ಶನ. ಗೋಡೆಯ ಹೆಸರುಪಟ್ಟಿಗಳು ಮಧ್ಯಾಹ್ನಕ್ಕೇ ಉದುರುತ್ತವೆ.
— ಓದುಗರು, ಕಲಬುರಗಿ

ಉತ್ತರ: ಬಿಸಿಲಿಗೆ ಕಾದ ಗೋಡೆಯಲ್ಲಿ ಡಬಲ್ ಟೇಪಿನ ಅಂಟು ಮೆತ್ತಗಾಗುತ್ತದೆ, ಸುಣ್ಣದ ಪುಡಿಯೂ ಹಿಡಿತ ಬಿಡಿಸುತ್ತದೆ. 3 ಮಿ.ಮೀ. ದಪ್ಪದ ಸನ್‌ಬೋರ್ಡಿಗೆ (ಹಗುರ ಫೋಮ್ ಹಲಗೆ) ಪಟ್ಟಿ ಅಂಟಿಸಿ, ತಲೆಯಿಲ್ಲದ ಎರಡು ಸಣ್ಣ ಮೊಳೆಗಳ ಮೇಲೆ ಕೂರಿಸಿ. ಗೋಡೆಗೆ ಮೊಳೆ ಹೊಡೆಯಬಾರದೆಂದರೆ ಪಟ್ಟಿಯನ್ನು ಚೌಕಟ್ಟಿನಿಂದಲೇ ದಾರದಲ್ಲಿ ಇಳಿಬಿಡಿ.