ಡಾನ್ಸ್ ಪ್ಯಾಡ್ ಆಟದಲ್ಲಿ ಕಾಲಿಗೆ ಕಾಲು ತೊಡರುತ್ತದೆ, ಏನು ಮಾಡಲಿ?

ಡಾನ್ಸ್ ಡಾನ್ಸ್ ರೆವಲ್ಯೂಷನ್ ಆಡಲು ಶುರು ಮಾಡಿ ನಾಲ್ಕು ತಿಂಗಳಾಯಿತು, 7ನೇ ಲೆವೆಲ್ ತನಕ ಸಲೀಸು, 8ಕ್ಕೆ ಹೋದರೆ ಕಾಲು ತೊಡರಿ ಅರ್ಧ ಹಾಡಿಗೇ ಸುಸ್ತಾಗುತ್ತದೆ ಅಂತ ಬರೆದಿದ್ದೀರಿ. ಪ್ಯಾಡಿನ ಹಿಂದಿರುವ ಕಂಬಿ ಹಿಡಿಯಬಹುದಾ, ಶೂ ಹಾಕಬೇಕಾ ಅಂತಲೂ ಕೇಳಿದ್ದೀರಿ. ಕಂಬಿ, ಶೂ ಆಮೇಲೆ ನೋಡೋಣ. (ಆಟ ಗೊತ್ತಿಲ್ಲದವರಿಗೆ: ಪರದೆಯ ಮೇಲೆ ಬಾಣ ಬಂದಾಗ ಹಾಡಿನ ತಾಳಕ್ಕೆ ಪ್ಯಾಡಿನ ಅದೇ ಬಾಣವನ್ನು ತುಳಿಯಬೇಕು. ಪ್ಯಾಡಿನಲ್ಲಿ ನಡುವಿನ ಚೌಕದ ಸುತ್ತ ಎಡ, ಬಲ, ಮೇಲೆ ಅಂದರೆ ಮುಂದೆ, ಕೆಳಗೆ ಅಂದರೆ ಹಿಂದೆ, ಹೀಗೆ ನಾಲ್ಕು ಬಾಣ.) ಮೊದಲು ಒಂದು ವಿಷಯ ಗಮನಿಸಿ. ಒಂದು ಬಾಣ ತುಳಿದ ಮೇಲೆ ನಿಮ್ಮ ಕಾಲು ಎಲ್ಲಿಗೆ ಹೋಗುತ್ತದೆ?

ನಡುವಿನ ಚೌಕಕ್ಕೆ ವಾಪಸ್ ಬರುತ್ತಿದ್ದರೆ ತೊಂದರೆ ಅಲ್ಲೇ ಇದೆ. ನಾನು ಒಂದೂವರೆ ವರ್ಷ ಹಾಗೇ ಆಡಿದೆ. ಆಗ ನಾನು ಸ್ಯಾನ್ ಹೋಸೆಯಲ್ಲಿದ್ದೆ. ಶನಿವಾರ ಸಂಜೆ ಅಲ್ಲಿನ ಒಂದು ಆರ್ಕೇಡ್‌ಗೆ, ಅಂದರೆ ಆಟದ ಯಂತ್ರಗಳಿರುವ ಜಾಗಕ್ಕೆ, ಹೋಗುತ್ತಿದ್ದೆ. ಒಂದು ದಿನ ಪಕ್ಕದ ಪ್ಯಾಡಿನಲ್ಲಿದ್ದ ಹದಿನಾಲ್ಕು ವರ್ಷದ ಹುಡುಗ ನನ್ನ ಆಟ ಪೂರ್ತಿ ನೋಡಿ, "ನಿಮ್ಮ ಕಾಲು ಪ್ರತಿ ಸಲ ಯಾಕೆ ಮನೆಗೆ ಹೋಗಿ ಬರುತ್ತೆ?" ಅಂತ ಕೇಳಿದ. ಆ ಮಾತು ಇವತ್ತಿಗೂ ನೆನಪಿದೆ. ನನಗೆ ಯಾರೂ ಅಷ್ಟು ಸರಿಯಾಗಿ ಹೇಳಿಕೊಟ್ಟಿರಲಿಲ್ಲ.

ಲೆಕ್ಕ ನೋಡಿ. ಹಾಡು ನಿಮಿಷಕ್ಕೆ 120 ಬೀಟ್ ಇದ್ದು, ಒಂದು ಬೀಟಿಗೆ ಎರಡು ಬಾಣ ಬಂದರೆ ಸೆಕೆಂಡಿಗೆ ನಾಲ್ಕು ಹೆಜ್ಜೆ. ಪ್ರತಿ ಸಲ ನಡುವಿಗೆ ಬಂದರೆ ಅದೇ ನಾಲ್ಕು ಎಂಟಾಗುತ್ತದೆ. ಸುಲಭದ ಹಾಡಿನಲ್ಲಿ ಇದು ನಡೆಯುತ್ತದೆ, ಅದಕ್ಕೇ 7ರ ತನಕ ಗೊತ್ತೇ ಆಗುವುದಿಲ್ಲ. ಮುಂದೆ 150 ಬೀಟಿನ ಹಾಡಿನಲ್ಲಿ ಒಂದು ಬೀಟಿಗೆ ನಾಲ್ಕು ಬಾಣ ಬರುತ್ತವೆ, ಅಂದರೆ ಸೆಕೆಂಡಿಗೆ ಹತ್ತು. ಕಾಲು ಬದಲಿಸುತ್ತಾ ಹೋದರೆ ಒಂದೊಂದು ಕಾಲಿಗೆ ಐದೇ ಬೀಳುತ್ತವೆ. ಅಷ್ಟನ್ನು ಮನುಷ್ಯರು ಮಾಡಬಲ್ಲರು.

ಹಾಗಾಗಿ ನಿಯಮ ಒಂದೇ: ಎಡಗಾಲು ಆದ ಮೇಲೆ ಬಲಗಾಲು, ಬಲಗಾಲು ಆದ ಮೇಲೆ ಎಡಗಾಲು. ತುಳಿದ ಕಾಲು ಆ ಬಾಣದ ಮೇಲೆಯೇ ಇರಲಿ. ಮುಂದಿನ ಬಾಣಕ್ಕೆ ಇನ್ನೊಂದು ಕಾಲು ಹೋಗಲಿ. ಬಾಣದ ಮೇಲೆ ಸುಮ್ನೆ ನಿಂತಿದ್ದರೆ ಅಂಕ ಕಡಿಮೆಯಾಗುವುದಿಲ್ಲ. ಮಾಮೂಲಿ ಬಾಣಕ್ಕೆ ಒತ್ತಿದ ಕ್ಷಣ ಮಾತ್ರ ಲೆಕ್ಕಕ್ಕೆ ಬರುತ್ತದೆ. (ಮುಟ್ಟಬಾರದ ಬಾಣಗಳು ಬರುವ ಕೆಲವು ಹಾಡುಗಳಿವೆ, ಅವು ನಿಮಗೆ ಸದ್ಯಕ್ಕೆ ಬೇಡ.) ಒಂದೇ ಬಾಣ ಮತ್ತೆ ಮತ್ತೆ ಬಂದರೆ ಅದೇ ಕಾಲು. ಎರಡು ಬಾಣ ಒಟ್ಟಿಗೆ ಬಂದರೆ ಎರಡೂ ಕಾಲು. ಉಳಿದ ಕಡೆಯೆಲ್ಲ ಕಾಲು ಬದಲಾಗುತ್ತಲೇ ಇರಬೇಕು. ಕುಂಟೆಬಿಲ್ಲೆಯಲ್ಲಿ ಒಂದೇ ಕಾಲಲ್ಲಿ ಮನೆಯಿಂದ ಮನೆಗೆ ಹಾರುತ್ತೀವಲ್ಲ, ಬೇರೆ ಬೇರೆ ಬಾಣಗಳಿಗೆ ಹಾಗೆ ಮಾಡಿದರೆ ಬೇಗ ದಣಿಯುತ್ತೀರಿ.

ನಿಮ್ಮ ಕಾಲು ತೊಡರುವುದು ಬಹುಶಃ ಇಲ್ಲಿ. ಎಡ, ಕೆಳಗೆ, ಬಲ, ಕೆಳಗೆ, ಎಡ ಅಂತ ಐದು ಬಾಣ ಬಂತು ಅಂದುಕೊಳ್ಳಿ. ಮೊದಲನೆಯದಕ್ಕೆ ಎಡಗಾಲು, ಎರಡನೆಯದಕ್ಕೆ ಬಲಗಾಲು. ಮೂರನೆಯದು ಬಲಬಾಣ, ಆದರೆ ಸರದಿ ಎಡಗಾಲಿನದು. ಇಲ್ಲಿ ಗಾಬರಿಯಾಗಿ ಬಲಗಾಲನ್ನೇ ಮತ್ತೆ ಎತ್ತುತ್ತೇವೆ. ಅಲ್ಲಿಂದ ಮುಂದೆ ಎಲ್ಲ ತಲೆಕೆಳಗು. ಸರಿಯಾದದ್ದು ಏನೆಂದರೆ, ಸೊಂಟವನ್ನು ಬಲಕ್ಕೆ ತಿರುಗಿಸಿ ಎಡಗಾಲನ್ನು ಬಲಗಾಲಿನ ಮುಂದಿನಿಂದ ಬಲಬಾಣಕ್ಕೆ ಹಾಕಬೇಕು. ಕಣ್ಣು ಪರದೆಯ ಮೇಲೇ ಇರಲಿ. ಆಮೇಲೆ ಬಲಗಾಲಿನಿಂದ ಕೆಳಗಿನ ಬಾಣ, ಎಡಗಾಲಿನಿಂದ ಎಡಬಾಣ. ಮೈ ತಾನಾಗಿ ನೇರವಾಗುತ್ತದೆ. ಇದನ್ನು ಕ್ರಾಸ್‌ಓವರ್ ಅನ್ನುತ್ತಾರೆ. ನಡುವೆ ಕೆಳಗಿನ ಬಾಣದ ಬದಲು ಮೇಲಿನ ಬಾಣ ಇದ್ದರೆ ಎಡಗಾಲು ಬಲಗಾಲಿನ ಹಿಂದಿನಿಂದ ಹೋಗುತ್ತದೆ. ಇದು ಸ್ವಲ್ಪ ಕಷ್ಟ, ಏಕೆಂದರೆ ಪಾದ ಬೀಳುವ ಜಾಗ ಕಾಣುವುದಿಲ್ಲ. ಹಾಡು ಹಾಕದೆ ಈ ಐದು ಹೆಜ್ಜೆಯನ್ನು ದಿನಕ್ಕೆ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ. ನಾನು ಅಡುಗೆಮನೆಯ ಟೈಲ್ಸ್ ಮೇಲೆ ಸೀಮೆಸುಣ್ಣದಿಂದ ನಾಲ್ಕು ಚೌಕ ಬರೆದು ಅಭ್ಯಾಸ ಮಾಡಿದ್ದೆ.

ಯಾವ ಕಾಲಿನಿಂದ ಶುರು ಮಾಡಬೇಕು ಅನ್ನುವುದೂ ಮುಖ್ಯ. ಸಾಲಿನ ಮೊದಲ ಬಾಣ ಎಡವಾದರೆ ಎಡಗಾಲು, ಬಲವಾದರೆ ಬಲಗಾಲು. ಮೇಲಿನದೋ ಕೆಳಗಿನದೋ ಬಂದರೆ ಅದರ ಮುಂದಿನದನ್ನು ನೋಡಿ. ಮೇಲೆ, ಬಲ ಅಂತಿದ್ದರೆ ಮೇಲಿನದಕ್ಕೆ ಎಡಗಾಲು, ಬಲಕ್ಕೆ ಬಲಗಾಲು. ಇಷ್ಟು ಮುಂದೆ ಓದಬೇಕಾದರೆ ಬಾಣಗಳು ಬಿಡಿಬಿಡಿಯಾಗಿ ಕಾಣಬೇಕು ಅಲ್ವಾ? ಹೊಸಬರು ಬಾಣ ನಿಧಾನವಾಗಿ ಬರಲಿ ಅಂತ ಸ್ಪೀಡ್ ಕಡಿಮೆ ಇಟ್ಟುಕೊಳ್ಳುತ್ತಾರೆ. ಆಗ ಎಲ್ಲ ಬಾಣ ಒಂದರ ಮೇಲೊಂದು ಒತ್ತಿಕೊಂಡು ಬರುತ್ತವೆ. ಸ್ಪೀಡ್ ಜಾಸ್ತಿ ಮಾಡಿ. ಹಾಡಿನ ವೇಗ ಬದಲಾಗುವುದಿಲ್ಲ, ಬಾಣಗಳ ನಡುವಿನ ಜಾಗ ಮಾತ್ರ ಹೆಚ್ಚುತ್ತದೆ. 150 ಬೀಟಿನ ಹಾಡಿಗೆ 2, 100 ಬೀಟಿನ ಹಾಡಿಗೆ 3 ಇಟ್ಟರೆ ಎರಡೂ ಒಂದೇ ವೇಗದಲ್ಲಿ, ಅಂದರೆ 300ರಲ್ಲಿ, ಓಡುತ್ತವೆ. ಆ 300ರಿಂದ ಶುರು ಮಾಡಿ, ಕಣ್ಣು ಪಳಗಿದಂತೆ ಏರಿಸಿ.

ಇನ್ನು ಪಾದದ ವಿಷಯ. ನಾನು ಚಿಕ್ಕವಳಿದ್ದಾಗ ಆರು ವರ್ಷ ಭರತನಾಟ್ಯ ಕಲಿತಿದ್ದೆ. ನೆಲಕ್ಕೆ ಕಾಲು ತಟ್ಟುವ ಪಾಠವಾದ ತಟ್ಟಡವಿನಲ್ಲಿ, ಮೊದಲನೆಯದರಲ್ಲಿ ಬಲ, ಎಡ ಅಂತ ಕಾಲು ಬದಲಾಗುತ್ತದೆ. ಎರಡನೆಯದರಲ್ಲಿ ಎರಡು ಬಲ, ಎರಡು ಎಡ. ಒಂದೇ ಪಾಠವನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಮಾಡಿಸುತ್ತಾರೆ. ಆ ಲಯಜ್ಞಾನ ಪ್ಯಾಡಿನ ಮೇಲೆ ತುಂಬಾ ಸಹಾಯಕ್ಕೆ ಬಂತು, ಅದಕ್ಕೆ ನನ್ನ ಟೀಚರಿಗೆ ಋಣಿ. ಆದರೆ ಅರಮಂಡಿಯಲ್ಲಿ (ಮಂಡಿ ಅರ್ಧ ಬಗ್ಗಿಸಿ) ಕೂತು ಇಡೀ ಅಂಗಾಲಿನಿಂದ ತಟ್ಟುವ ಅಭ್ಯಾಸವನ್ನು ಇಲ್ಲಿ ಬಿಡಬೇಕಾಯಿತು. ಪ್ಯಾಡಿಗೆ ಶಬ್ದ ಬೇಕಿಲ್ಲ. ಮಂಡಿ ಸ್ವಲ್ಪ ಸಡಿಲ, ಮೈಭಾರ ಪಾದದ ಮುಂಭಾಗದ ಮೇಲೆ, ಹಿಮ್ಮಡಿ ಹಗುರ. ಪಾದವನ್ನು ನೆಲದಿಂದ ಎರಡು ಬೆರಳಿಗಿಂತ ಜಾಸ್ತಿ ಎತ್ತಬೇಡಿ. ಬಾಣದ ಚೌಕದ ನಟ್ಟನಡುವೆ ತುಳಿಯುವ ಅಗತ್ಯವೂ ಇಲ್ಲ. ಆರ್ಕೇಡ್ ಯಂತ್ರದಲ್ಲಿ ಒಂದೊಂದು ಬಾಣದ ಅಂಚುಗಳ ಕೆಳಗೇ ಸೆನ್ಸರ್ ಇರುತ್ತವೆ. ಒಳಗಿನ ಅಂಚು ಮುಟ್ಟಿದರೂ ಸಾಕು, ಕಾಲು ದೂರ ಚಾಚಬೇಕಿಲ್ಲ.

(ಕೊರಿಯಾದ ಪಂಪ್ ಇಟ್ ಅಪ್ ಆಡುವುದಾದರೆ ಬೇರೆ ಲೆಕ್ಕ. ಅದರಲ್ಲಿ ನಾಲ್ಕು ಮೂಲೆ ಮತ್ತು ನಡುವೆ, ಒಟ್ಟು ಐದು ಗುಂಡಿ. ನಡುವೆ ನಿಂತು ಕಾಯುವ ಜಾಗವೇ ಇಲ್ಲ. ಕಾಲು ಬದಲಿಸುವುದು ಅಲ್ಲೂ ಅದೇ.)

ಅಭ್ಯಾಸಕ್ಕೆ ಎರಡು ಲೆವೆಲ್ ಕೆಳಗೆ ಇಳಿಯಿರಿ. ನಿಮ್ಮದು 2008ಕ್ಕಿಂತ ಹಿಂದಿನ ಯಂತ್ರವಾದರೆ ಅಲ್ಲಿನ 7 ಬೇರೆಯೇ. ಆ ವರ್ಷದಿಂದ ಅಳತೆಯನ್ನು 20ರ ತನಕ ಹಿಗ್ಗಿಸಿದ್ದಾರೆ. ಮನೆಯಲ್ಲಿ ಕಂಪ್ಯೂಟರಿಗೆ ಮ್ಯಾಟ್ ಜೋಡಿಸಿ ಸ್ಟೆಪ್‌ಮೇನಿಯಾ ಅನ್ನುವ ಇದೇ ಬಗೆಯ ಆಟ ಹಾಕಿಕೊಳ್ಳಬಹುದು, ಅದು ಉಚಿತ. ಅದರಲ್ಲಿ ಹಾಡಿನ ವೇಗವನ್ನೇ 0.8ಕ್ಕೆ ಇಳಿಸಬಹುದು. 'ಮಿರರ್' ಅನ್ನುವ ಆಯ್ಕೆಯೂ ಇದೆ. ಎಡ ಬಲವಾಗುತ್ತದೆ, ಮೇಲೆ ಕೆಳಗಾಗುತ್ತದೆ. ಒಂದೇ ಹಾಡನ್ನು ಎರಡೂ ಬಗೆಯಲ್ಲಿ ಆಡಿ. ನನ್ನ ಬಲಗಾಲು ಕ್ರಾಸ್‌ಓವರ್ ಕಲಿತದ್ದು ಹೀಗೆ. ಮೊದಲ ಎರಡು ವಾರ ಅಂಕ ಕುಸಿಯುತ್ತದೆ. ನನಗಂತೂ ಅಳು ಬರುವಷ್ಟು ಕುಸಿದಿತ್ತು. ದಯವಿಟ್ಟು ಹಳೆಯ ರೀತಿಗೆ ವಾಪಸ್ ಹೋಗಬೇಡಿ.

ಈಗ ಕಂಬಿ. ಹಿಡಿಯುವುದು ತಪ್ಪಲ್ಲ, ತುಂಬಾ ಕಷ್ಟದ ಹಾಡುಗಳಲ್ಲಿ ಪಳಗಿದವರೂ ಹಿಡಿಯುತ್ತಾರೆ. ಆದರೆ ಈಗ ನೀವು ಹಿಡಿಯಬೇಡಿ ಅನ್ನುತ್ತೇನೆ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವುದನ್ನು ಮೈ ಕಲಿಯುತ್ತಿರುವ ಹೊತ್ತು ಇದು. ಕಂಬಿ ಆ ಭಾರವನ್ನು ಕೈಗೆ ತೆಗೆದುಕೊಂಡುಬಿಡುತ್ತದೆ.

ಯಂತ್ರದ ಮೇಲೆ ತೆಳು, ಚಪ್ಪಟೆ ತಳದ, ಹಗುರ ಶೂ ಹಾಕಿ. ಓಡುವವರ ದಪ್ಪ ಮೆತ್ತೆಯ ಶೂ ಬೇಡ, ಅಂಚು ಗೊತ್ತಾಗುವುದಿಲ್ಲ. ಮನೆಯ ಮ್ಯಾಟಿನ ಮೇಲೆ ಬರಿಗಾಲೇ ಸರಿ. ಮ್ಯಾಟ್ ನುಣುಪು ನೆಲದ ಮೇಲೆ ಜಾರುತ್ತದೆ, ಆದ್ದರಿಂದ ಪ್ಲೈವುಡ್ ಹಲಗೆಗೆ ಎರಡೂ ಕಡೆ ಅಂಟುವ ಟೇಪಿನಿಂದ ಅಂಟಿಸಿ, ಹಲಗೆಯ ಕೆಳಗೆ ರಬ್ಬರ್ ಹಾಳೆ ಹಾಕಿ. ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ ನೋಯತೊಡಗಿದರೆ ಅವತ್ತಿಗೆ ಆಟ ನಿಲ್ಲಿಸಿ, ಎರಡು ದಿನ ಬಿಟ್ಟು ಮತ್ತೆ ಶುರು ಮಾಡಿ. ಆಗ ಇನ್ನೂ ಮೆತ್ತಗೆ ತುಳಿಯಿರಿ.