ಶಿರಸಿ ಕಡೆ ಎರಡೆಕರೆ ಜಾಗ, ಸೇರಿಸಿಕೊಳ್ಳುವ ಸಣ್ಣ ಊರು: ಎಲ್ಲಿ ಸಿಗುತ್ತದೆ?

ನೀವು ಕೇಳಿರೋದು ಇಷ್ಟು: ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಸಾಕಾಗಿದೆ, ಗಂಡ ಹೆಂಡತಿ ಇಬ್ಬರಿಗೂ ಮನೆಯಿಂದಲೇ ಕೆಲಸ, ಆರು ವರ್ಷದ ಮಗಳಿದ್ದಾಳೆ. ಶಿರಸಿ ಅಥವಾ ಕುಮಟಾ ಕಡೆ ಎರಡೆಕರೆ ಬೇಕು. ಜಾಸ್ತಿ ದುಡ್ಡಿಲ್ಲ. ಹೊರಗಿನವರನ್ನು ಸೇರಿಸಿಕೊಳ್ಳುವ ಸಣ್ಣ ಊರು ಯಾವುದು?

ಊರಿನ ಹೆಸರು ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಹೇಳಿದರೆ ಮುಂದಿನ ವಾರವೇ ಯಾರೋ ಬ್ರೋಕರ್ ಅಲ್ಲಿ ಕಾರು ನಿಲ್ಲಿಸಿರುತ್ತಾನೆ. ನಾವು ಬಂದ ದಾರಿ ಹೇಳುತ್ತೇನೆ. ನಾವು ತುಮಕೂರು ಕಡೆಯವರು. ಈಗ ಏಳು ವರ್ಷದಿಂದ ಶಿರಸಿ–ಸಿದ್ದಾಪುರ ನಡುವೆ 14 ಮನೆಗಳ ಒಂದು ಊರಿನಲ್ಲಿದ್ದೇವೆ.

ಮೊದಲು ಜಾಗ ನೋಡಲು ಹೋಗಬೇಡಿ. ಬಾಡಿಗೆಗೆ ಮನೆ ಹಿಡಿಯಿರಿ. ಇಲ್ಲಿ ಎಷ್ಟೋ ಊರುಗಳಲ್ಲಿ ದೊಡ್ಡ ದೊಡ್ಡ ಮನೆ, ಒಳಗೆ ಇಬ್ಬರೇ ವಯಸ್ಸಾದವರು. ಮಕ್ಕಳು ನೀವು ಬಿಟ್ಟು ಬರಬೇಕು ಅಂತಿರೋ ಅದೇ ಬೆಂಗಳೂರಿನಲ್ಲಿ. ಕೆಲವು ಮನೆಗಳಿಗೆ ಬೀಗವೇ. ಇವು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ನಿಂತು ನಾಲ್ಕು ಜನರ ಹತ್ತಿರ ಕೇಳಬೇಕು. ನಮಗೆ ಸಿಕ್ಕಿದ್ದು ಹಾಗೇ. ಒಂದು ಮಳೆಗಾಲ ಅಲ್ಲೇ ಕಳೆದೆವು. ಆ ನಾಲ್ಕು ತಿಂಗಳೇ ನಮ್ಮನ್ನು ಉಳಿಸಿದ್ದು. ಹೇಗೆ ಅಂದರೆ, ಅಷ್ಟರಲ್ಲಿ ನಾವೊಂದು ಜಾಗಕ್ಕೆ ಮುಂಗಡ ಕೊಡಲು ತಯಾರಾಗಿದ್ದೆವು.

ಬ್ರೋಕರ್ ಹೇಳಿದ್ದು ‘ಹತ್ತೆಕರೆ ಪ್ರಾಪರ್ಟಿ’ ಅಂತ. ಕೆಳಗೆ ಅಡಿಕೆ ತೋಟ, ಮೇಲೆ ಕಾಡಿನಂಥ ಗುಡ್ಡ, ನಡುವೆ ಸಣ್ಣ ಹಳ್ಳ. ರೇಟು ಹತ್ತೆಕರೆಗೆ ಭಾಗಿಸಿ ನೋಡಿದರೆ ಪುಕ್ಕಟೆ ಅನ್ನಿಸುವಂತಿತ್ತು. ಆ ಕುಶಿಯಲ್ಲಿ ಪಹಣಿ ಪ್ರತಿಯನ್ನು ನಮ್ಮ ಮನೆ ಮಾಲೀಕರಿಗೆ ತೋರಿಸಿದೆ. ಅವರಿಗೆ ಆಗ 78. ಜಗಲಿಯಲ್ಲಿ ಕೂತು ಕವಳದ (ಎಲೆ ಅಡಿಕೆಯ) ಬಟ್ಟಲು ಪಕ್ಕಕ್ಕೆ ಸರಿಸಿ, ಕನ್ನಡಕ ಹುಡುಕಿ ಹಾಕಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದರು. ಬಾಯಲ್ಲಿ ಕವಳ ಇದ್ದದ್ದರಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಅಂಗಳದ ಅಂಚಿಗೆ ಹೋಗಿ ಉಗುಳಿ ಬಂದು, ಬೆರಳಿಟ್ಟು ತೋರಿಸಿದರು. “ತಂಗೀ, ಇದು ಒಂದೆಕರೆ ಎರಡು ಗುಂಟೆ ಬಾಗಾಯ್ತ. ನಿಂಗೆ ಬರೋದು ಇಷ್ಟೇಯ. ಮೇಲಿಂದು ಬೆಟ್ಟ ಅಲ್ದಾ?” ಬಾಗಾಯ್ತ ಅಂದರೆ ತೋಟದ ಜಮೀನು.

ಈ ‘ಬೆಟ್ಟ’ ಅನ್ನೋ ಪದ ಇಲ್ಲಿಗೆ ಬರುವವರು ಮೊದಲು ಕಲಿಯಬೇಕಾದದ್ದು. ಅದು ಬರೀ ಗುಡ್ಡ ಅಲ್ಲ. ಬ್ರಿಟಿಷರ ಕಾಲದಿಂದ ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಸೊಪ್ಪು, ದರಕು (ಒಣ ಎಲೆ), ಕಟ್ಟಿಗೆ ತರಲು ಕಾಡಿನ ಒಂದು ಭಾಗ ಬಿಟ್ಟುಕೊಟ್ಟಿದ್ದಾರೆ. ಒಂದೆಕರೆ ತೋಟಕ್ಕೆ ಒಂಬತ್ತು ಎಕರೆ ತನಕ. ಸೌಲಭ್ಯ ಮಾತ್ರ ತೋಟದವರದ್ದು, ನೆಲ ಸರ್ಕಾರದ್ದೇ. ಅಲ್ಲಿ ನೀವು ಮನೆ ಕಟ್ಟುವ ಹಾಗಿಲ್ಲ, ಹೋಂಸ್ಟೇ ಮಾಡುವ ಹಾಗಿಲ್ಲ, ಬೇರೆ ಮಾಡಿ ಮಾರುವ ಹಾಗೂ ಇಲ್ಲ. ಒಂದು ಮತ್ತು ಒಂಬತ್ತು ಸೇರಿಸಿ ಹತ್ತು ಅಂತ ಲೆಕ್ಕ ಹೇಳಿದ್ದ ಪುಣ್ಯಾತ್ಮ. ಬೆಟ್ಟ ಇರುವ ತೋಟ ಒಳ್ಳೆಯದೇ, ಆದರೆ ದುಡ್ಡು ಕೊಡುವಾಗ ಮಾಲ್ಕಿ, ಅಂದರೆ ಸ್ವಂತ ಹಕ್ಕಿನ ಜಮೀನು, ಎಷ್ಟು ಅಂತ ಮಾತ್ರ ನೋಡಿ.

ಇನ್ನೊಂದು ‘ಅತಿಕ್ರಮಣ ಜಾಗ’. ಜಿಲ್ಲೆಯ ಬಹುಪಾಲು ನೆಲ ಅರಣ್ಯ. ಅದರಲ್ಲಿ ತಲೆಮಾರಿನಿಂದ ಮನೆ, ಗದ್ದೆ ಮಾಡಿಕೊಂಡು ಬದುಕುತ್ತಿರುವವರು ಸಾವಿರಾರು ಜನ. ಅವರ ಹಕ್ಕಿನ ಹೋರಾಟ ಬೇರೆ ಮಾತು, ಅದು ನ್ಯಾಯವೇ ಅಂತ ನನ್ನ ಅಭಿಪ್ರಾಯ. ಆದರೆ ಅಂಥ ಜಾಗವನ್ನು ಬಾಂಡ್ ಪೇಪರಿನ ಮೇಲೆ ಬರೆದುಕೊಡುತ್ತೇನೆ ಅಂದರೆ ದೂರದಿಂದಲೇ ಕೈ ಮುಗಿದು ಬನ್ನಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 75 ವರ್ಷದ, ಅಂದರೆ ಮೂರು ತಲೆಮಾರಿನ ವಾಸಕ್ಕೆ ದಾಖಲೆ ತೋರಿಸಬೇಕು. ನಿನ್ನೆ ಮೊನ್ನೆ ಬಂದ ನಿಮಗೆ ಅದು ಯಾವ ಜನ್ಮಕ್ಕೂ ಆಗುವುದಿಲ್ಲ.

‘ನಾವು ರೈತರಲ್ಲ, ಕೊಳ್ಳಬಹುದಾ’ ಅಂತಲೂ ಕೇಳಿದ್ದೀರಿ. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು, ಇದಕ್ಕೆ ತಡೆ ಹಾಕಿದ್ದ 79ಎ, 79ಬಿ ಕಲಂ ತೆಗೆದ ಮೇಲೆ ಕೊಳ್ಳಬಹುದು. ಈಗ ತೊಂದರೆ ಬರುವುದು ಪಹಣಿಯ ಹೆಸರುಗಳಲ್ಲಿ. ನಾವು ಕೊನೆಗೆ ಕೊಂಡ ಜಾಗದ 9ನೇ ಕಾಲಂನಲ್ಲಿ ಐದು ಹೆಸರಿದ್ದವು. ಒಬ್ಬರು ಪುಣೆ, ಒಬ್ಬರು ಅಮೆರಿಕ, ಇಬ್ಬರು ಮದುವೆಯಾಗಿ ಹೋದ ಅಕ್ಕ–ತಂಗಿ, ಒಬ್ಬರು ತೀರಿಹೋಗಿ ವಾರಸಾ ಆಗಿರಲಿಲ್ಲ, ಅಂದರೆ ವಾರಸುದಾರರ ಹೆಸರು ದಾಖಲೆಗೆ ಏರಿರಲಿಲ್ಲ. ಹೆಣ್ಣುಮಕ್ಕಳ ಸಹಿ ಬೇಡ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, 2005ರಿಂದ ಅವರಿಗೂ ಸಮಪಾಲಿದೆ. ಎಲ್ಲರ ಸಹಿ ಕೂಡಿಸಲು ನಮಗೆ ಒಂದೂವರೆ ವರ್ಷ ಹಿಡಿಯಿತು. 11ನೇ ಕಾಲಂನಲ್ಲಿ ಸೊಸೈಟಿ ಸಾಲ ಇದೆಯಾ ನೋಡಿ. 11ಇ ನಕ್ಷೆ (ತುಂಡು ಮಾಡುವ ಮೊದಲು ಸರ್ವೆಯವರು ಅಳೆದು ಕೊಡುವ ನಕ್ಷೆ) ಇಲ್ಲದೆ ಸರ್ವೆ ನಂಬರಿನ ತುಂಡು ಕೊಳ್ಳಬೇಡಿ. ಜಾಗದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ನಿಂತಿರೋದು ಯಾವ ಸರ್ವೆ ನಂಬರಿನಲ್ಲಿ ಅಂತ ತೋರಿಸುತ್ತದೆ. ಗಡಿ ಗೊತ್ತು ಮಾಡಲು ಅದು ಸಾಲದು, ಬ್ರೋಕರ್ ಪಕ್ಕದವರ ತೋಟ ತೋರಿಸುತ್ತಿದ್ದರೆ ಹಿಡಿಯಲು ಸಾಕು.

ದರದ ಮಾತಿಗೆ ಬಂದರೆ, ಫಲ ಬರುವ ಅಡಿಕೆ ತೋಟ ನಿಮ್ಮ ಕೈಗೆ ಎಟುಕುವುದಿಲ್ಲ, ಬೇಕಾಗಿಯೂ ಇಲ್ಲ. ಕೊಳೆ ರೋಗಕ್ಕೆ ಮಳೆಯಲ್ಲೇ ಬೋರ್ಡೋ ದ್ರಾವಣ ಹೊಡೆಸಬೇಕು, ಕೊನೆಗೌಡನಿಗೆ, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವನಿಗೆ, ಕಾಯಬೇಕು. ಮೀಟಿಂಗ್ ನಡುವೆ ಅವನ ಫೋನ್ ಬಂದರೆ ಮೀಟಿಂಗ್ ಬಿಟ್ಟು ಎತ್ತಬೇಕಾಗುತ್ತದೆ! ಪಾಳು ಬಿದ್ದ ಗದ್ದೆ, ಇಲ್ಲ ಬೇಣ (ಹುಲ್ಲು ಬೆಳೆಯುವ ಜಾಗ) ಇದ್ದರೆ ನೋಡಿ. ಇನ್ನೂ ಅಗ್ಗ ಬೇಕಾದರೆ ಬನವಾಸಿ, ಮುಂಡಗೋಡ ಕಡೆಯ ಅರೆಮಲೆನಾಡು. ಅನಾನಸ್, ಮೆಕ್ಕೆಜೋಳದ ಬಯಲು. ಫೋಟೊದಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಅದಕ್ಕೇ ದರ ಕಡಿಮೆ. ಗೋಕರ್ಣ ಸುತ್ತ ಸಣ್ಣ ಬಜೆಟ್‌ನವರು ಹೋಗುವುದು ದಂಡ. ಕುಮಟಾ, ಹೊನ್ನಾವರದಲ್ಲಿ ಸಮುದ್ರ ಬಿಟ್ಟು ಅಘನಾಶಿನಿ, ಶರಾವತಿ ದಡದ ಒಳ ಊರುಗಳಲ್ಲಿ ಕೇಳಿ. ಗಜನಿ ಅಂದರೆ ಉಪ್ಪುನೀರು ಬರುವ ಗದ್ದೆ, ಅಲ್ಲಿ ಕಗ್ಗ ಭತ್ತ ಬಿಟ್ಟರೆ ಬೇರೆ ಬೆಳೆ ಏಳುವುದು ಕಷ್ಟ. ಗುಡ್ಡ ಕಡಿದು ಸಪಾಟು ಮಾಡಿದ ಸೈಟಿನ ಆಸೆ ಬೇಡ. ಯಲ್ಲಾಪುರದ ಕಳಚೆಯಲ್ಲಿ 2021ರಲ್ಲಿ, ಅಂಕೋಲಾದ ಶಿರೂರಿನಲ್ಲಿ 2024ರಲ್ಲಿ ಗುಡ್ಡ ಕುಸಿದದ್ದು ನೀವೂ ಟಿವಿಯಲ್ಲಿ ನೋಡಿರುತ್ತೀರಿ.

ಜಾಗವನ್ನು ಎರಡು ಸಲ ನೋಡಿ. ಜುಲೈನಲ್ಲಿ ದಾರಿ ಇದೆಯಾ, ಮೇ ತಿಂಗಳಲ್ಲಿ ನೀರಿದೆಯಾ. ನವೆಂಬರ್‌ನಲ್ಲಿ ಬಂದರೆ ಎಲ್ಲ ಜಾಗವೂ ಸ್ವರ್ಗ. ನಮಗೆ ನೀರು ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ಇಳಿದು ಬರುತ್ತದೆ, ಮೋಟಾರು ಬೇಡ. ಆದರೆ ಬೇಸಿಗೆಯಲ್ಲಿ ಮೂರು ಮನೆಗೆ ಪಾಳಿ. ಈ ಪಾಳಿ ಯಾವ ಕಾಗದದಲ್ಲೂ ಇಲ್ಲ, ಪಕ್ಕದ ಮನೆಯವರ ಹತ್ತಿರವೇ ಕೇಳಿಕೊಳ್ಳಬೇಕು.

ಇನ್ನು ಸೇರಿಸಿಕೊಳ್ಳುವ ವಿಷಯ. ಹೋದ ಮನೆಯಲ್ಲೆಲ್ಲ “ಆಸರಿಗೆ ಎಂತ ಬೇಕು?” ಅಂತ ಕೇಳಿ ಕುಡಿಯಲು ಕೊಡುತ್ತಾರೆ. ಅದಕ್ಕೇ ಕರಗಿಬಿಡಬೇಡಿ, ಅದು ಇಲ್ಲಿಯ ಮರ್ಯಾದೆ, ಎಲ್ಲರಿಗೂ ಸಿಗುತ್ತದೆ. ಮುಂದಿನ ಪ್ರಶ್ನೆ ಬರುವುದು ಸುತ್ತಿ ಬಳಸಿ: “ನಿಮ್ಮ ಕಡೆ ಮೀನು ಗೀನು ತಿಂತ್ರಾ?” ಜಾತಿ ಕೇಳುವ ರೀತಿ ಅದು. ನಾವು ತಿನ್ನುವವರು, ಹಾಗೇ ಹೇಳಿದೆವು. ಎರಡು ಮನೆ ಬಾಡಿಗೆಗೆ ಸಿಗಲಿಲ್ಲ. ಮೂರನೆಯವರು “ಒಳಗೆ ಮಾಡದಿದ್ದರೆ ಅಡ್ಡಿಲ್ಲೆ” ಅಂದರು. ಒಪ್ಪಿಕೊಂಡೆವು. ಬೇಜಾರಾಯಿತು, ಸುಳ್ಳು ಹೇಳಲ್ಲ. ನಿಮಗೆ ಇದು ಸಹಿಸಲು ಆಗದಿದ್ದರೆ ಕರಾವಳಿಯ ಮಿಶ್ರ ಊರುಗಳು ಸುಲಭ.

ನಮ್ಮ ಜೊತೆ ಮಾತು ಸಲೀಸಾಗಿದ್ದು ಎರಡನೇ ವರ್ಷದ ಮೇ ಕೊನೆಯಲ್ಲಿ. ಮಳೆಗೆ ಮುಂಚೆ ಹಳ್ಳ ದಾಟುವ ಕಾಲುಸಂಕ (ಸಣ್ಣ ಸೇತುವೆ) ಹೊಸದಾಗಿ ಹಾಕುತ್ತಾರೆ. ಅಡಿಕೆ ಮರ ಸೀಳಿದ ದಬ್ಬೆ ಜೋಡಿಸಿ ಬಳ್ಳಿಯಲ್ಲಿ ಬಿಗಿಯುವುದು. ನನ್ನ ಗಂಡನಿಗೆ ಕಟ್ಟಲು ಬರುವುದಿಲ್ಲ, ದಬ್ಬೆ ಹೊತ್ತ. ಮಧ್ಯಾಹ್ನ ಎಲ್ಲರಿಗೂ ಮಜ್ಜಿಗೆ ನಾನು ಒಯ್ದೆ. ಒಬ್ಬರು ಕುಡಿದು, ಲೋಟ ವಾಪಸ್ ಕೊಡುತ್ತಾ, ಮೇಲಿನ ಕೇರಿಯಲ್ಲಿ ಒಂದು ಗದ್ದೆ ಖಾಲಿ ಬಿದ್ದಿದೆ, ಕೇಳಿ ನೋಡಬೇಕಾ ಅಂದರು. ಅದೇ ಈಗ ನಮ್ಮ ಜಾಗ. ಬ್ರೋಕರ್ ಬರಲೇ ಇಲ್ಲ. ಇವತ್ತಿಗೂ ನಮ್ಮದು ‘ತುಮಕೂರಿನವರ ಮನೆ’ಯೇ, ಕೊರಿಯರ್ ಹುಡುಗನಿಗೂ ಅದೇ ವಿಳಾಸ.

ಮಗಳ ಶಾಲೆಗೆ ವ್ಯಾನ್ ಬರುವ ರಸ್ತೆಯಿಂದ ಒಂದೆರಡು ಕಿಲೋಮೀಟರ್ ಒಳಗಿನ ಊರನ್ನಷ್ಟೇ ನೋಡಿ. ಫೈಬರ್ ಈಗ ಬಹಳ ಹಳ್ಳಿಗಳಲ್ಲಿದೆ, ಆದರೆ ಗಾಳಿಮಳೆಗೆ ಕರೆಂಟ್ ಎರಡು ದಿನ ಹೋಗುವುದುಂಟು. ಇನ್ವರ್ಟರ್ ದೊಡ್ಡದೇ ಇರಲಿ. ಸಿದ್ದಾಪುರ ಕಡೆ ಬೇಸಿಗೆಯಲ್ಲಿ ಉಣುಗು (ಉಣ್ಣೆ ಹುಳ) ಕಚ್ಚಿ ಮಂಗನ ಕಾಯಿಲೆ ಬರುತ್ತದೆ, ಕಾಡಿಗೆ ಹೋಗುವಾಗ ಮೈ ಮುಚ್ಚಿಕೊಳ್ಳಿ. ಹೃದಯದ್ದೋ ತಲೆಯದ್ದೋ ದೊಡ್ಡ ತೊಂದರೆ ಅಂದರೆ ಶಿರಸಿಯಿಂದ ಹುಬ್ಬಳ್ಳಿಗೆ 100 ಕಿಲೋಮೀಟರ್ ಓಡಬೇಕು, ಕರಾವಳಿಯವರು ಮಣಿಪಾಲಕ್ಕೋ ಗೋವಾಕ್ಕೋ. ಜೊತೆಗೆ ಅಪ್ಪ ಅಮ್ಮ ಬರುತ್ತಾರೆ ಅಂತ ನೀವು ಬರೆದಿಲ್ಲ. ಬರುವವರಿದ್ದರೆ ಊರಿನ ಮಾತು ಆಮೇಲೆ, ಶಿರಸಿ ಪೇಟೆಯಲ್ಲೇ ಮನೆ ನೋಡಿ.