ಪಕ್ಕದ ಸೈಟಿನಲ್ಲಿ ಕೆಲಸ ಮಾಡುವ ಬಸುರಿ ಹೆಣ್ಣುಮಗಳಿಗೆ ನಾನು ಏನು ಮಾಡಬಹುದು?

ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಬಂದವಳು, ಈಗ ಆರು ತಿಂಗಳ ಬಸುರಿ, ಇನ್ನೂ ಆಸ್ಪತ್ರೆ ಕಂಡಿಲ್ಲ ಅಂತ ಬರೆದಿದ್ದೀರಿ. ಎಲ್ಲ ಪುಕ್ಕಟೆ ಇದ್ದರೂ ಯಾಕೆ ಹೋಗಲ್ಲ ಅಂತಲೂ ಕೇಳಿದ್ದೀರಿ.

ನಾನು ಅದೇ ಜಿಲ್ಲೆಯಲ್ಲಿ ಹಳ್ಳಿ ನರ್ಸ್ ಆಗಿದ್ದವಳು. ಮಳೆ ಕೈಕೊಟ್ಟ ವರ್ಷ ಅಲ್ಲಿ ಮನೆಮನೆಗೂ ಬೀಗ ಹಾಕಿ ಗುಳೆ ಹೋಗುತ್ತಾರೆ. ಒಬ್ಬಳ ‘ತಾಯಿ ಕಾರ್ಡ್’, ಅಂದರೆ ಬಸುರಿಯ ತಪಾಸಣೆ ಬರೆದಿಡುವ ಸರ್ಕಾರಿ ಕಾರ್ಡ್, ಇನ್ನೂ ನನ್ನ ಕಣ್ಣ ಮುಂದಿದೆ. ನಾಲ್ಕನೇ ತಿಂಗಳ ತೂಕ, ಬಿಪಿ ನಾನೇ ಬರೆದದ್ದು. ಆಮೇಲಿನ ನಾಲ್ಕು ತಿಂಗಳು ಖಾಲಿ. ಹೆರಿಗೆಗೆ ಊರಿಗೆ ಬಂದಾಗ ಹಿಮೋಗ್ಲೋಬಿನ್ 6.8. ಬಸುರಿಗೆ 11 ಇರಬೇಕು. ಆ ಕಾರ್ಡನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಂಡಿದ್ದಳು. "ಅಲ್ಲಿ ಯಾರಿಗೆ ತೋರಿಸಬೇಕು ಗೊತ್ತಾಗ್ಲಿಲ್ರಿ ಸಿಸ್ಟರ್" ಅಂದಳು. ಜಿಲ್ಲಾ ಆಸ್ಪತ್ರೆಗೆ ಕಳಿಸಿ ರಕ್ತ ಕೊಡಿಸಿದೆವು, ತಾಯಿ ಮಗು ಉಳಿದರು.

ಔಷಧಿ ಪುಕ್ಕಟೆ ನಿಜ. ಆದರೆ ಆಸ್ಪತ್ರೆಗೆ ಹೋದ ದಿನದ ಕೂಲಿ ಹೋಗುತ್ತಲ್ವಾ? ಗಂಡ ಜೊತೆಗೆ ಹೋದರೆ ಎರಡು ಕೂಲಿ. ಹಾಗಾಗಿ ಮೊದಲು ಮೇಸ್ತ್ರಿ ಹತ್ತಿರ ಮಾತಾಡಿ. ಅವರು ಒಪ್ಪದಿದ್ದರೆ ಆ ದಿನದ ಕೂಲಿ ನೀವೇ ಕೊಡಿ, ಜೊತೆಗೂ ಹೋಗಿ.

ತಾಯಿ ಕಾರ್ಡ್ ಇದ್ದರೆ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ನಡೆಯುತ್ತದೆ, ಇಲ್ಲದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮಾಡಿಸಿ. ಪ್ರತಿ ತಿಂಗಳ 9ನೇ ತಾರೀಕು ಬಸುರಿಯರಿಗಾಗಿಯೇ ವಿಶೇಷ ತಪಾಸಣೆ ಇರುತ್ತದೆ. ರಕ್ತ, ಮೂತ್ರ, ಬಿಪಿ, ಸಕ್ಕರೆ, ಸ್ಕ್ಯಾನಿಂಗ್ ಎಲ್ಲ ಕೇಳಿ ಮಾಡಿಸಿ.

ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಸಾಲದು, ನುಂಗಿದರೆ ಮಲ ಕಪ್ಪಾಗುತ್ತದೆ ಅಂತ ಮೊದಲೇ ಹೇಳಿ. ಅದಕ್ಕೆ ಹೆದರಿ ಸುಮ್ನೆ ಬಿಟ್ಟವರನ್ನು ಬಹಳ ನೋಡಿದ್ದೇನೆ. ಚಹಾ ಜೊತೆ ಬೇಡ, ನಿಂಬೆ ಪಾನಕದ ಜೊತೆ ಒಳ್ಳೆಯದು. ರಕ್ತ ಕಡಿಮೆ ಇರುವವಳು ಹೆರಿಗೆಯಲ್ಲಿ ಸ್ವಲ್ಪ ಜಾಸ್ತಿ ರಕ್ತ ಹೋದರೂ ತಡೆಯಲಾರಳು. ತಾಯಂದಿರು ಸಾಯುವುದು ಹೆಚ್ಚಾಗಿ ಹೀಗೆಯೇ. 2018-20ರ ಸರ್ಕಾರಿ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19 ತಾಯಂದಿರು ತೀರಿಕೊಂಡರೆ ನಮ್ಮ ಕರ್ನಾಟಕದಲ್ಲಿ 69. ಇದನ್ನು ಹಣೆಬರಹ ಅನ್ನಲು ನನಗೆ ಮನಸ್ಸು ಬರಲ್ಲ.

ಮುಖ ಊದಿಕೊಂಡರೆ, ವಿಪರೀತ ತಲೆನೋವು ಬಂದರೆ, ಕಣ್ಣು ಮಂಜಾದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಸಿಜೇರಿಯನ್, ರಕ್ತ, ವಾಹನ ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಉಚಿತ. ಯಾರಾದರೂ ದುಡ್ಡು ಕೇಳಿದರೆ ನೀವು ಪಕ್ಕದಲ್ಲಿ ನಿಂತು ಮಾತಾಡಿ, ಅವಳೊಬ್ಬಳೇ ಇದ್ದರೆ ಕೊಟ್ಟುಬಿಡುತ್ತಾಳೆ.

ಹೆರಿಗೆಗೆ ಊರಿಗೆ ಹೋಗುತ್ತೇನೆ ಅಂದರೆ ಅವಳ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಕೇಳಿ, ಅವಳು ಬಸ್ ಹತ್ತುವ ಮೊದಲೇ ಫೋನ್ ಮಾಡಿ ತಿಳಿಸಿ. ಕಾರ್ಡಿನ ಪ್ರತಿ ಪುಟದ ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು.